ಬಿದ್ದರೆ ಯಾರ ಮುಖ ನೋಡೋದು?

17 ಆಗಸ್ಟ್ 2025, ಭಾನುವಾರ

ಆಸರೆಯಿಲ್ಲದ ಮಕ್ಕಳನ್ನು ಸಾಕುವ ಮಕ್ಕಳ ಮನೆಯ ಆಫೀಸ್ ಮೇಜಿನ ಮೇಲೆ ಇನ್ನೂ ಎರಡು ಡಬ್ಬ ಲಾಡು ಉಳಿದಿತ್ತು. ಶುಕ್ರವಾರ ಧ್ವಜ ಹಾರಿಸಿ, ಸಿಹಿ ಹಂಚಿ, ಫೋಟೋ ತೆಗೆಸಿಕೊಳ್ಳಲು ನಾಲ್ಕು ತಂಡ ಬಂದಿದ್ದವಂತೆ.

ಗೇಟು ದಾಟುವಷ್ಟರಲ್ಲಿ ಪುಟ್ಟ ಓಡಿ ಬಂದು ನನ್ನ ಕಾಲು ತಬ್ಬಿಕೊಂಡ. ಮೂರು ವರ್ಷ ಅವನಿಗೆ. ಇವತ್ತೇ ಮೊದಲ ಸಲ ಜೊತೆಗೆ ಬಂದಿದ್ದ ಗೆಳತಿ ಕರಗಿಹೋದಳು. "ಎಷ್ಟು ಹಚ್ಚಿಕೊಂಡಿದ್ದಾನೆ ನೋಡೇ ನಿನ್ನನ್ನ!" ಅಷ್ಟರಲ್ಲಿ ಅವಳನ್ನೂ "ಅಮ್ಮಾ" ಅಂತ ತಬ್ಬಿದ. ಆಮೇಲೆ ಸಿಲಿಂಡರ್ ತಂದವನ ಕೈ ಹಿಡಿದು ಗೇಟಿನ ಕಡೆ ಹೊರಟೇಬಿಟ್ಟ.

ನಾನೂ ಮೊದಮೊದಲು ಹೀಗೇ ಹಿಗ್ಗಿದ್ದೆ. ಈಗ ಸಂಕಟವಾಗುತ್ತದೆ. ಅಕ್ಕನ ಮಗಳಿಗೂ ಇವನದೇ ವಯಸ್ಸು. ಹೊಸಬರು ಬಂದರೆ ಅವಳು ಸೆರಗಿನ ಹಿಂದೆ. ಬಿದ್ದರೆ ಮೊದಲು ಸುತ್ತ ನೋಡುತ್ತಾಳೆ, ಅಮ್ಮನ ಮುಖ ಕಂಡ ಮೇಲೇ ರಾಗ ಶುರು. ಪುಟ್ಟ ಬಿದ್ದರೆ ಯಾರನ್ನೂ ನೋಡುವುದಿಲ್ಲ. ಮಂಡಿ ಒರೆಸಿಕೊಂಡು ಎದ್ದು ಹೋಗುತ್ತಾನೆ. ಗಟ್ಟಿ ಹುಡುಗ ಅಂತಾರೆ ಎಲ್ಲರೂ.

ಆಯಾಗಳನ್ನು ಬೈಯಲು ಮನಸ್ಸು ಬರುವುದಿಲ್ಲ. ಹಗಲು ಇಬ್ಬರು, ಮಕ್ಕಳು ಹನ್ನೆರಡು. ಒಂದಕ್ಕೆ ತಿನ್ನಿಸುವಾಗ ಇನ್ನೊಂದು ಒದ್ದೆ ಚಡ್ಡಿಯಲ್ಲೇ ಕೂತಿರಬೇಕು. ಶಿಫ್ಟ್ ಬದಲಾದರೆ ಮುಖವೂ ಬದಲು. ಅತ್ತರೂ ಯಾರೂ ಬರುವುದಿಲ್ಲ ಅಂತ ಗೊತ್ತಾದ ಮಗು ಸುಮ್ನೆ ಯಾಕೆ ಅಳುತ್ತೆ?

ಬಸ್ಸಿನಲ್ಲಿ ಗೆಳತಿಗೆ ರೊಮೇನಿಯಾದ ಕಥೆ ಹೇಳಿದೆ. ಅಲ್ಲಿನ ಸರ್ವಾಧಿಕಾರಿ ಚೌಶೆಸ್ಕು 1966ರಲ್ಲಿ ಗರ್ಭಪಾತ ನಿಷೇಧಿಸಿದ. ಸಾಕಲಾಗದವರ ಮಕ್ಕಳು ಸರ್ಕಾರಿ ಅನಾಥಾಲಯ ಸೇರಿದರು. 1989ರಲ್ಲಿ ಅವನ ಆಳ್ವಿಕೆ ಮುಗಿದಾಗ ಅಂಥ ಮಕ್ಕಳು ಒಂದು ಲಕ್ಷಕ್ಕೂ ಜಾಸ್ತಿ. ಮುಂದೆ ನೆಲ್ಸನ್, ಫಾಕ್ಸ್, ಜೀನಾ ಎಂಬ ಅಮೆರಿಕದ ಮೂವರು ಸಂಶೋಧಕರು ಬುಕಾರೆಸ್ಟಿನ ಅನಾಥಾಲಯಗಳಿಂದ 136 ಕೂಸುಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ 68 ಮಕ್ಕಳನ್ನು ಸಾಕುಮನೆಗಳಿಗೆ, ಅಂದರೆ ಬೇರೆಯವರ ಮಗುವನ್ನು ತಮ್ಮ ಮನೆಯಲ್ಲಿಟ್ಟು ಸಾಕುವ ಕುಟುಂಬಗಳಿಗೆ, ಕಳಿಸಿದರು. ಉಳಿದವರು ಇದ್ದಲ್ಲೇ. "ಅಯ್ಯೋ, ಇದೆಂಥ ನ್ಯಾಯ!" ಅಂದಳು. ನನಗೂ ಚುಚ್ಚಿತ್ತು. ಆದರೆ ಆಗ ಆ ಊರಲ್ಲಿ ಸಾಕುಮನೆಗಳೇ ಇರಲಿಲ್ಲ ಎನ್ನಬಹುದು. ಅಧ್ಯಯನಕ್ಕಾಗಿಯೇ ಹುಡುಕಿ ತಯಾರು ಮಾಡಿದ್ದು. ಮನೆ ಸೇರಿದ ಮಕ್ಕಳ ಬುದ್ಧಿ, ಮಾತು, ಒಬ್ಬರನ್ನು ಹಚ್ಚಿಕೊಳ್ಳುವ ಗುಣ ಎಲ್ಲ ಚಿಗುರಿದವು. ಎರಡು ವರ್ಷದೊಳಗೆ ಹೋದವರಲ್ಲಿ ಇನ್ನೂ ಚೆನ್ನಾಗಿ. ಸಿಕ್ಕವರ ಕೈ ಹಿಡಿದು ಹೊರಡುವ ಆ ಅಭ್ಯಾಸ ಮಾತ್ರ ಅಷ್ಟು ಸುಲಭವಾಗಿ ಬಿಡಲಿಲ್ಲ.

ನಮ್ಮ 2015ರ ಬಾಲನ್ಯಾಯ ಕಾಯ್ದೆಯಲ್ಲೂ ಮಗುವನ್ನು ಇಂಥ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅಂತಲೇ ಬರೆದಿದೆ. ಕೇಕ್ ಹಿಡಿದು ಬರುವವರು, ತಿಂಗಳಿಗೆರಡು ಭಾನುವಾರ ಮುಖ ತೋರಿಸುವ ನನ್ನಂಥವರು, ಮಗುವಿಗೆ ಇನ್ನೊಂದು ಮಾಯವಾಗುವ ಮುಖ ಅಷ್ಟೇ ಅಲ್ವಾ? ಅದಕ್ಕೇ ಈಗ ಎತ್ತಿಕೊಳ್ಳುವುದು ಬಿಟ್ಟಿದ್ದೇನೆ. ಪಾತ್ರೆ ತೊಳೆಯುತ್ತೇನೆ, ಬಟ್ಟೆ ಮಡಚುತ್ತೇನೆ. ಆಯಾಗೆ ಒಂದಿಷ್ಟು ಹೊತ್ತು ಮಡಿಲು ಖಾಲಿ ಸಿಗಲಿ ಅಂತ.

ಇವತ್ತು ಊಟದ ಹೊತ್ತಿಗೆ ಪುಟ್ಟ ಹೊಸ್ತಿಲು ಎಡವಿ ಬಿದ್ದ. ತಲೆ ಎತ್ತಿ ಹುಡುಕಿದ. ಅನ್ನ ಕಲಸುತ್ತಿದ್ದ ಆಯಾ ಕಂಡರು. ಜೋರಾಗಿ ಅಳು! ಅವರು ಎಂಜಲು ಕೈಯಲ್ಲೇ ಬಾಚಿಕೊಂಡು, ನನ್ನ ಕಡೆ ತಿರುಗಿ, "ಎರಡು ವಾರದಿಂದ ಹೀಗೇ ಮಾಡ್ತಾನೆ ಕಣಮ್ಮ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಾಳೆಯಿಂದ ನಂಗೆ ನೈಟ್ ಡ್ಯೂಟಿ" ಅಂದರು.