ಬೈಕೇ ಇಲ್ಲದವನ ಬೈಕ್ ಅಪಘಾತ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಹತ್ತಿರದ ಒಂದು ಗೋಡೌನಿನಲ್ಲಿ ನನಗೆ ಸ್ಟಾಕ್ ಲೆಕ್ಕ ಬರೆಯುವ ಕೆಲಸ. ಅವತ್ತು ತಿಂಗಳ ಕೊನೆ. ಲಾರಿಗಳು ಒಂದರ ಹಿಂದೆ ಒಂದು ಬಂದು ನಿಂತಿದ್ದವು. ಜನ ನಡೆಯೋಕೆ ಅಂತ ಬಿಟ್ಟ ಹಳದಿ ಗೆರೆಯ ಜಾಗದಲ್ಲೂ ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಇಟ್ಟುಬಿಟ್ಟಿದ್ದರು. ಹಾಗಾಗಿ ಎಲ್ಲರೂ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡುವ ದಾರಿಯಲ್ಲೇ ನಡೆಯುತ್ತಿದ್ದೆವು.

ಡೆಂಕಣಿಕೋಟೆ ಕಡೆಯ ಹುಡುಗನೊಬ್ಬ, ಕಾಂಟ್ರಾಕ್ಟ್ ಲೇಬರ್, ಫೋರ್ಕ್‌ಲಿಫ್ಟ್‌ನ ಬಲಕ್ಕೆ ನಿಂತು ಬಾಕ್ಸಿಗೆ ಸ್ಟಿಕ್ಕರ್ ಅಂಟಿಸುತ್ತಿದ್ದ. ಡ್ರೈವರ್ ಎಡಕ್ಕೆ ತಿರುಗಿಸಿದ. ಕಾರಿನಲ್ಲಿ ಮುಂದಿನ ಚಕ್ರ ತಿರುಗಿದರೆ ಇದರಲ್ಲಿ ತಿರುಗುವುದು ಹಿಂದಿನದು. ಮುಂಭಾಗ ಎಡಕ್ಕೆ ಹೋದರೆ ಹಿಂಭಾಗ ಬಲಕ್ಕೆ ಬೀಸಿಕೊಂಡು ಬರುತ್ತದೆ. 3 ಟನ್ ಎತ್ತುವ ಗಾಡಿ ಖಾಲಿ ಇದ್ದಾಗಲೇ 4 ಟನ್‌ಗಿಂತ ಜಾಸ್ತಿ ತೂಗುತ್ತದೆ. ಭಾರ ಸರಿದೂಗಿಸಲು ಹಿಂದೆ ಕಬ್ಬಿಣದ ದೊಡ್ಡ ತೂಕ ಕೂರಿಸಿರುತ್ತಾರಲ್ಲ, ಅದಕ್ಕೇ. ನೋಡುವವರ ಕಣ್ಣೆಲ್ಲ ಮುಂದೆ ಭಾರ ಎತ್ತುವ ಫೋರ್ಕ್ ಮೇಲೆ. ಹಿಂದಿನ ಚಕ್ರ ಹುಡುಗನ ಪಾದದ ಮೇಲೆ ಹತ್ತಿತು. ಕಾಲಲ್ಲಿ ಚಪ್ಪಲಿ. ಸೇಫ್ಟಿ ಶೂ ಕೊಡುತ್ತಿದ್ದುದು ಪರ್ಮನೆಂಟ್ ಜನಕ್ಕೆ ಮಾತ್ರ.

ಎಲ್ಲರೂ ಡ್ರೈವರ್ ಮೇಲೆ ಹರಿಹಾಯ್ದರು. ಹಾದಿಗೆ ಪ್ಯಾಲೆಟ್ ಇಡಿಸಿದವರನ್ನು ಯಾರೂ ಬೈಯಲಿಲ್ಲ. ಆಟೋದಲ್ಲಿ ಮಲಗಿದ್ದ ಹುಡುಗನೇ, "ಅಣ್ಣಾ, ಡ್ರೈವರಣ್ಣನ ಮೇಲೆ ಏನೂ ಬರೀಬೇಡಿ" ಅಂದ.

ಸಂಜೆ ಕಾಂಟ್ರಾಕ್ಟರ್ ಬಂದರು. "ಸುಮ್ನೆ ತಲೆನೋವು ಯಾಕೆ ಸಾರ್? ನಿನ್ನೆ ಊರಲ್ಲಿ ಬೈಕಿಂದ ಬಿದ್ದ ಅಂತ ಬರೆದುಬಿಡಿ. ಹೇಗೂ ಇಎಸ್ಐ ಇದೆಯಲ್ಲ."

ಇಎಸ್ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಏನೋ ಇದೆ. ಕೆಲಸದಲ್ಲಾದ ಗಾಯ ಅಂದರೆ ಸೇರಿದ ಮೊದಲ ದಿನದಿಂದಲೇ ಲೆಕ್ಕ, ವಾಸಿಯಾಗುವವರೆಗೆ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಕೆಲಸದ ಹೊರಗೆ ಬಿದ್ದದ್ದು ಬರೀ ಕಾಯಿಲೆ ರಜೆ, ಅದಕ್ಕೆ ಶೇ. 70. ಅದಕ್ಕೂ ಮೊದಲೇ 78 ದಿನದ ವಂತಿಗೆ ಕಟ್ಟಿರಬೇಕು. ಈ ಹುಡುಗ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಅಂದರೆ ಬೈಕ್ ಅಂತ ಬರೆದರೆ ಅವನ ಕೈಗೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಅಷ್ಟಕ್ಕೂ ಅವನ ಹತ್ತಿರ ಬೈಕ್ ಎಲ್ಲಿತ್ತು? ದಿನಾ ಬಸ್ಸಿಗೆ ಬರುತ್ತಿದ್ದ.

ಆಕ್ಸಿಡೆಂಟ್ ರಿಜಿಸ್ಟರಿನಲ್ಲಿ ನಡೆದದ್ದನ್ನೇ ಬರೆದೆ. ಸಮಯ, ಜಾಗ, ಹಿಂದಿನ ಚಕ್ರ, ನಡೆಯುವ ದಾರಿಯಲ್ಲಿದ್ದ ಪ್ಯಾಲೆಟ್. ಪಕ್ಕದಲ್ಲಿದ್ದ ಇಬ್ಬರ ಸಹಿ ಹಾಕಿಸಿದೆ. ಕಾಂಟ್ರಾಕ್ಟರ್ ನನ್ನ ಜೊತೆ ಮಾತು ಬಿಟ್ಟರು. ಹುಡುಗನಿಗೆ ಮೂಳೆ ಕೂಡುವವರೆಗೆ ದುಡ್ಡು ಬಂತು.

ಆಮೇಲೆ ಕಾಂಟ್ರಾಕ್ಟ್ ಜನಕ್ಕೂ ಶೂ ತರಿಸಿದರು. ಎಲ್ಲವೂ ಒಂದೇ ಸೈಜು. ಬದಲಾಯಿಸಿ ಕೊಡಿ ಅಂತ ಇನ್ನೂ ಕೇಳುತ್ತಲೇ ಇದ್ದೇವೆ.