ಫಿಟ್ಸ್ ಮಾತ್ರೆ, ಮಿದುಳಿನ ಗೆಡ್ಡೆ ಮತ್ತು ಎಪಿಜೆನೆಟಿಕ್ ಔಷಧ

ತುಮಕೂರಿನ ನನ್ನ ಮೆಡಿಕಲ್ ಸ್ಟೋರ್‌ನಲ್ಲಿ ಫಿಟ್ಸ್‌ಗೆಂದು ವರ್ಷಗಳಿಂದ ಮಾರುತ್ತಿರುವ ವಾಲ್‌ಪ್ರೊಯೇಟ್ ಮಾತ್ರೆಗೂ ಎಪಿಜೆನೆಟಿಕ್ ಗುಣವಿದೆ ಎಂದರೆ ಗಿರಾಕಿಗಳು ನಂಬುವುದಿಲ್ಲ. ಡಿಎನ್‌ಎಯ ಅಕ್ಷರಗಳನ್ನು ಮುಟ್ಟದೆ, ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿರ್ಧರಿಸುವ ರಾಸಾಯನಿಕ ಗುರುತುಗಳನ್ನು ಬದಲಿಸುವ ಔಷಧಗಳಿಗೆ ಈ ಹೆಸರಿದೆ. ವಾಲ್‌ಪ್ರೊಯೇಟ್, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲಿನ ಅಸಿಟೈಲ್ ಗುರುತನ್ನು ಅಳಿಸುವ ಕಿಣ್ವಗಳನ್ನು ತಡೆಯುತ್ತದೆ. ಹಾಗಾಗಿ ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಮಿದುಳಿನ ಗೆಡ್ಡೆಯ ರೋಗಿಗಳ ಆಯುಷ್ಯವನ್ನೂ ಅದು ಹೆಚ್ಚಿಸೀತೆಂಬ ಆಸೆ ಹುಟ್ಟಿತ್ತು. 2016ರಲ್ಲಿ ಹಲವು ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಅಂಥ ಲಾಭವೇನೂ ಕಾಣಲಿಲ್ಲ. ಫಿಟ್ಸ್‌ಗೆ ಬರೆದುಕೊಟ್ಟಿದ್ದರೆ ಫಿಟ್ಸ್‌ಗಾಗಿ ನುಂಗಬೇಕು, ಅಷ್ಟೆ.

ಬೆಂಗಳೂರಿನ ನಿಮ್ಹಾನ್ಸ್‌ಗೋ ಕಿದ್ವಾಯಿಗೋ ಹೋಗಿಬಂದ ಮನೆಯವರು ವಾಟ್ಸಾಪ್ ಸುದ್ದಿ ತೋರಿಸಿ, "ಅಣ್ಣಾ, ಈ ಹೊಸ ಔಷಧ ತರಿಸಿಕೊಡ್ತೀರಾ?" ಎನ್ನುತ್ತಾರೆ. ಬಯಾಪ್ಸಿ ವರದಿಯಲ್ಲಿ ಎಂಜಿಎಂಟಿ ಬಗ್ಗೆ ಏನು ಬರೆದಿದೆ ಎಂದು ಡಾಕ್ಟರನ್ನು ಮೊದಲು ಕೇಳಿ ಎಂಬುದು ನನ್ನ ಉತ್ತರ. ವಿಕಿರಣ ಚಿಕಿತ್ಸೆಯ ಜೊತೆಗೆ ಕೊಡುವ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ ಗೆಡ್ಡೆಯ ಡಿಎನ್‌ಎಗೆ ಹಾನಿ ಮಾಡಿದರೆ, ಎಂಜಿಎಂಟಿ ಎಂಬ ಪ್ರೋಟೀನು ಆ ಹಾನಿಯನ್ನು ರಿಪೇರಿ ಮಾಡಿಬಿಡುತ್ತದೆ. ಅದರ ವಂಶವಾಹಿಯ ಮೇಲೆ ಮೀಥೈಲ್ ಗುರುತು ಬಿದ್ದು ಬಾಯಿಮುಚ್ಚಿದ್ದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. 2005ರ ಅಧ್ಯಯನದಲ್ಲಿ ಮೀಥೈಲ್ ಗುರುತಿದ್ದವರ ಮಧ್ಯಮ ಆಯುಷ್ಯ ಬರೀ ವಿಕಿರಣದಿಂದ 15.3 ತಿಂಗಳಿದ್ದರೆ, ಎರಡೂ ಸೇರಿದಾಗ 21.7 ತಿಂಗಳಾಗಿತ್ತು. ಗುರುತಿಲ್ಲದವರಲ್ಲಿ ಅಂತರ ತೀರಾ ಕಡಿಮೆ. ನನ್ನ ಮಟ್ಟಿಗೆ, ಗ್ಲಿಯೋಬ್ಲಾಸ್ಟೋಮಾದಲ್ಲಿ ಎಪಿಜೆನೆಟಿಕ್ಸ್ ಇಂದಿಗೂ ಔಷಧವಾಗಿ ಅಲ್ಲ, ಹೀಗೆ ಪರೀಕ್ಷೆಯಾಗಿಯೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಆ ವಾಟ್ಸಾಪ್ ಸುದ್ದಿ ಸುಳ್ಳೇನಲ್ಲ. ಡಾರ್ಡಾವಿಪ್ರೋನ್ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಆಗಸ್ಟ್‌ನಲ್ಲಿ ತ್ವರಿತ ಅನುಮೋದನೆ ನೀಡಿತು. ಆದರೆ ಅದು ಹೆಚ್ಚಾಗಿ ಮಕ್ಕಳು ಮತ್ತು ಯುವಜನರ ಮಿದುಳಿನ ನಡುಭಾಗದಲ್ಲಿ ಬರುವ, ಎಚ್3 ಕೆ27ಎಂ ಎಂಬ ಹಿಸ್ಟೋನ್ ಬದಲಾವಣೆಯಿರುವ ಗೆಡ್ಡೆ ಚಿಕಿತ್ಸೆಯ ನಂತರವೂ ಬೆಳೆದಾಗ ಕೊಡುವ ಔಷಧ. ಈ ಬದಲಾವಣೆಯಿಂದ ಕಳೆದುಹೋದ ಹಿಸ್ಟೋನ್ ಗುರುತನ್ನು ಅದು ಮರಳಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಅನುಮೋದನೆಗೆ ಆಧಾರವಾದ 50 ರೋಗಿಗಳಲ್ಲಿ ಗೆಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ಶೇ. 22ರಷ್ಟು ಮಂದಿಗೆ. ಅರವತ್ತು ದಾಟಿದ ತಂದೆಯ ಗ್ಲಿಯೋಬ್ಲಾಸ್ಟೋಮಾಕ್ಕೆ ಅದನ್ನು ತರಿಸಲು ಸಾಲ ಮಾಡಹೊರಟವರಿಗೆ ನಾನು ಇದನ್ನು ಬಿಡಿಸಿ ಹೇಳಲೇಬೇಕಾಗುತ್ತದೆ.

ಇನ್ನೊಂದು ಮಾತು: ಆಪರೇಷನ್ ಆದಮೇಲೆ ಗೆಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಎಲ್ಲಿದೆ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡಿರಿ. ಈ ಪರೀಕ್ಷೆಗಳು ಆಗಿರದಿದ್ದರೆ, ಮತ್ತೆ ತಲೆ ತೆರೆಯದೆ ಸಾಮಾನ್ಯವಾಗಿ ಅದರಿಂದಲೇ ಮಾಡಿಸಬಹುದು.