ಬ್ಯಾಟರಿ ಬದಲಿಸುವ ಮೊದ್ಲು ಅರ್ತ್ ನೋಡಿ ಮಾರಾಯ್ರೆ

ಹಳೆ ಡೀಸೆಲ್ ಕಾರು ಬೆಳಿಗ್ಗೆ ಸೆಲ್ಫ್ ಹೊಡೆದಾಗ ಟಕ್ ಅಂತ ಒಂದು ಶಬ್ದ ಮಾಡಿ ಸುಮ್ಮನಾದ್ರೆ ನಮ್ಮ ಕಡೆ ಎಲ್ರೂ ಹೇಳುದು ಒಂದೇ, ಬ್ಯಾಟರಿ ಹೋಯ್ತು ಅಂತ. ಹೊಸ ಬ್ಯಾಟರಿ ಹಾಕಿದ್ರೂ ಸರಿ ಆಗ್ಲಿಲ್ಲ ಅಂದ್ರೆ ಸೆಲ್ಫ್ ಮೋಟಾರು ಬಿಚ್ಚಿಸುದು, ಅದೂ ಅಲ್ಲ ಅಂದ್ರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಹೀಗೆ ಸಾವಿರಗಟ್ಟಲೆ ಖರ್ಚಾದ ಮೇಲೆ ಗಾಡಿಯನ್ನೇ ಗುಜರಿಗೆ ಹಾಕುವ ಮಾತು ಬರ್ತದೆ. ನಂಗೆ ಅದು ಕೇಳುವಾಗ ತುಂಬಾ ಬೇಜಾರಾಗ್ತದೆ, ಇಂಜಿನ್ ಗಟ್ಟಿ ಇರುವ ಗಾಡಿ ಅದು, ಇನ್ನೂ ಎಷ್ಟೋ ವರ್ಷ ಓಡ್ಲಿಕ್ಕುಂಟು. ಮಂಗಳೂರು ಉಡುಪಿ ಕಡೆಯ ಉಪ್ಪು ಗಾಳಿ ಮತ್ತೆ ನಾಲ್ಕು ತಿಂಗಳ ಮಳೆಗೆ ಬ್ಯಾಟರಿಗಿಂತ ಮೊದ್ಲು ತೊಂದ್ರೆ ಕೊಡುದು ಅರ್ತ್ ವಯರ್, ಅಂದ್ರೆ ಬ್ಯಾಟರಿಯ ನೆಗೆಟಿವನ್ನು ಬಾಡಿಗೆ, ಇಂಜಿನಿಗೆ ಜೋಡಿಸುವ ವಯರ್ ಮತ್ತೆ ಪಟ್ಟಿ.

ಭಾವನ ಮನೆ ಮಲ್ಪೆ ಹತ್ರ, ಕಾರು 2003ರ ಮಾಡೆಲ್, ಶೆಡ್ ಇಲ್ಲ, ಮನೆ ಎದುರು ತೆಂಗಿನ ಮರದ ಹತ್ರ ನಿಲ್ಸುದು. ಬ್ಯಾಟರಿ ಹೊಸತು, ಮಲ್ಟಿಮೀಟರ್ ಇಟ್ರೆ 12.6 ವೋಲ್ಟ್, ಅಂದ್ರೆ ಫುಲ್ ಚಾರ್ಜ್. ಆದ್ರೂ ಸೆಲ್ಫ್ ತಿರುಗುದಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬಣ್ಣ ಇಲ್ಲದ ಜಾಗಕ್ಕೆ ಒತ್ತಿ ಹಿಡಿದು "ಭಾವ, ಈಗ ಸೆಲ್ಫ್ ಹೊಡೀರಿ" ಅಂದೆ. ಅಲ್ಲಿ 0.2, ಜಾಸ್ತಿ ಅಂದ್ರೆ 0.3 ವೋಲ್ಟ್ ತೋರಿಸ್ಬೇಕು, ಮೀಟರ್ ಎರಡು ವೋಲ್ಟ್ ದಾಟಿತು. ಲೆಕ್ಕ ಸುಲಭ ಉಂಟು, ಡೀಸೆಲ್ ಇಂಜಿನಿಗೆ ಕಂಪ್ರೆಶನ್ ಜಾಸ್ತಿ, ಸೆಲ್ಫ್ ಸುಮಾರು 200 ಆಂಪ್ ಎಳೀತದೆ, ದಾರಿಯಲ್ಲಿ ಬರೀ 0.01 ಓಮ್ ತಡೆ ಇದ್ರೂ 2 ವೋಲ್ಟ್ ಅಲ್ಲೇ ಹೋಯ್ತು. ಸುಮ್ನೆ ನಿಂತ ಗಾಡಿಯಲ್ಲಿ ಮೀಟರ್ ಇಟ್ರೆ ಇದು ಕಾಣುದೇ ಇಲ್ಲ, ಲೋಡ್ ಇರುವಾಗಲೇ ನೋಡ್ಬೇಕು.

ಇಂಜಿನಿಂದ ಬಾಡಿಗೆ ಬರುವ ಹೆಣೆದ ತಾಮ್ರದ ಪಟ್ಟಿ ಬಿಚ್ಚಿದ್ರೆ ಮೇಲಿಂದ ಸರಿಯೇ ಕಾಣ್ತಿತ್ತು, ಬೋಲ್ಟಿನ ಅಡಿಯಲ್ಲಿ ಮಾತ್ರ ಹಸಿರು ಪುಡಿ, ಎಳೆಗಳು ಬೆರಳಲ್ಲಿ ತಿಕ್ಕಿದ್ರೆ ಉದುರ್ತಿದ್ವು. ಹೊಸ ಪಟ್ಟಿ ತಂದು, ಬಾಡಿ ಜಾಗವನ್ನು ಎಮರಿ ಪೇಪರಲ್ಲಿ ಹೊಳೆಯುವಷ್ಟು ತಿಕ್ಕಿ, ಬೋಲ್ಟ್ ಟೈಟ್ ಮಾಡಿದ ಮೇಲೆ ಹೊರಗಿಂದ ವ್ಯಾಸಲೀನ್ ಹಚ್ಚಿದ್ವಿ. ಒಂದೇ ಸಲಕ್ಕೆ ಸ್ಟಾರ್ಟ್! ಅತ್ತಿಗೆ ಒಳಗಿಂದ ಓಡಿ ಬಂದು ನೋಡಿದ್ರು.

ಅರ್ತ್ ಹಾಳಾಗಿದೆ ಅಂತ ಗಾಡಿಯೇ ಮೊದ್ಲು ಹೇಳ್ತದೆ. ಹೆಡ್‌ಲೈಟ್ ಹಾಕಿದ ಕೂಡ್ಲೆ ಟೆಂಪರೇಚರ್ ಮುಳ್ಳು ಮೇಲೆ ಹೋಗುದು, ಇಂಡಿಕೇಟರ್ ಹಾಕಿದ್ರೆ ಬೇರೆ ಯಾವುದೋ ಲೈಟ್ ಮಿಣಮಿಣ ಅನ್ನುದು. ಸೆಲ್ಫ್ ಹೊಡೆದ ಮೇಲೆ ಕ್ಲಚ್ ಕೇಬಲೋ ಆಕ್ಸಿಲರೇಟರ್ ಕೇಬಲೋ ಬಿಸಿ ಆಗಿದ್ರೆ ದಯವಿಟ್ಟು ಗಾಡಿ ಓಡಿಸ್ಬೇಡಿ, ಅರ್ತ್ ಪಟ್ಟಿಯಲ್ಲಿ ಹೋಗ್ಬೇಕಾದ ಕರೆಂಟು ಆ ಕೇಬಲಲ್ಲಿ ಹೋಗ್ತಾ ಉಂಟು, ಬೆಂಕಿಯೂ ಹತ್ತಬಹುದು.

ಸೆಲ್ಫ್ ಚೆನ್ನಾಗಿ ತಿರುಗ್ತದೆ ಆದ್ರೆ ಇಂಜಿನ್ ಹತ್ತುದಿಲ್ಲ ಅಂದ್ರೆ ಅದು ಬೇರೆ ಕತೆ. ಡೀಸೆಲಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಕಾಮನ್ ರೈಲ್ (ಕಂಪ್ಯೂಟರ್ ನಡೆಸುವ ಹೊಸ ಡೀಸೆಲ್ ಪದ್ಧತಿ) ಬರುವ ಮೊದ್ಲಿನ ತುಂಬಾ ಗಾಡಿಗಳಲ್ಲಿ ಪಂಪಿನ ಮೇಲೆ ಡೀಸೆಲ್ ಬಿಡುವ ಸೊಲೆನಾಯ್ಡ್, ಅಂದ್ರೆ ಕರೆಂಟಲ್ಲಿ ತೆರೆಯುವ ವಾಲ್ವ್ ಇರ್ತದೆ, ಕೀ ಆನ್ ಮಾಡಿದಾಗ ಅದು ಟಿಕ್ ಅನ್ಬೇಕು, ಅನ್ಲಿಲ್ಲ ಅಂದ್ರೆ ಅದ್ರ ವಯರಲ್ಲಿ 12 ವೋಲ್ಟ್ ಬರ್ತದಾ ನೋಡಿ, ಓಡ್ತಾ ಇರುವಾಗ ಗಾಡಿ ತಟ್ಟಂತ ಆಫ್ ಆಗುದಕ್ಕೂ ತುಂಬಾ ಸಲ ಈ ವಯರ್ ಲೂಸ್ ಆದದ್ದೇ ಕಾರಣ. ಬೆಳಿಗ್ಗೆ ನಡುಗಿ ಬಿಳಿ ಹೊಗೆ ಬಿಟ್ಟು ಸ್ಟಾರ್ಟ್ ಆದ್ರೆ ಸ್ಟಾರ್ಟಿಗೆ ಮೊದ್ಲು ಇಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಪರೀಕ್ಷೆ ಮಾಡ್ಸಿ, ನಮ್ಮ ಸೆಕೆಗೆ ಒಂದು ಹಾಳಾದ್ರೆ ಗೊತ್ತೇ ಆಗುದಿಲ್ಲ, ಎರಡು ಮೂರು ಹೋದ ಮೇಲೆಯೇ ಗೊತ್ತಾಗುದು.

ಚಾರ್ಜ್ ಆಗುದಿಲ್ಲ ಅಂದ್ರೆ ಆಲ್ಟರ್ನೇಟರ್ ಬಿಚ್ಚುವ ಮೊದ್ಲು ಕೀ ಆನ್ ಮಾಡಿ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ಹತ್ತುತ್ತದಾ ನೋಡಿ. ತುಂಬಾ ಹಳೆ ಗಾಡಿಗಳಲ್ಲಿ ಆ ಬಲ್ಬಿನ ಮೂಲಕವೇ ಆಲ್ಟರ್ನೇಟರಿಗೆ ಶುರುವಿನ ಕರೆಂಟು ಹೋಗುದು, ಬಲ್ಬ್ ಸುಟ್ಟಿದ್ರೆ ಒಳ್ಳೆ ಆಲ್ಟರ್ನೇಟರೂ ಚಾರ್ಜ್ ಕೊಡದೆ ಕೂತ್ಕೊಳ್ಬಹುದು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ಇದ್ರೆ ಅದಕ್ಕೆ ಕೈ ಹಾಕುದೇ ಬೇಡ. ಹಿಂದೆ ಬ್ರೇಕಿನ ವ್ಯಾಕ್ಯೂಮ್ ಪಂಪ್ ಜೋಡಿಸಿದ ಆಲ್ಟರ್ನೇಟರ್ ಆದ್ರೆ ಆಯಿಲ್ ಸೀಲ್ ನೋಡಿ, ಆಯಿಲ್ ಒಳಗೆ ಇಳಿದ್ರೆ ಹೊಸ ಕಾರ್ಬನ್ ಬ್ರಶ್ ಹಾಕಿದ್ರೂ ಬಾಳುದಿಲ್ಲ.

ಎರಡು ದಿನ ನಿಂತ್ರೆ ಬ್ಯಾಟರಿ ಇಳೀತದೆ ಅನ್ನುವವರು ಎಲ್ಲ ಆಫ್ ಮಾಡಿ, ಬಾಗಿಲು ಹಾಕಿ, ನೆಗೆಟಿವ್ ಕೇಬಲ್ ತೆಗೆದು, ಕೇಬಲಿಗೂ ಪೋಸ್ಟಿಗೂ ಮಧ್ಯೆ ಮೀಟರನ್ನು 10 ಆಂಪಲ್ಲಿಟ್ಟು ನೋಡಿ, ಆಗ ಮಾತ್ರ ಸೆಲ್ಫ್ ಹೊಡೀಬಾರ್ದು, ಮೀಟರಿನ ಫ್ಯೂಸ್ ಹೋಗ್ತದೆ. 50 ಮಿಲಿ ಆಂಪಿಗಿಂತ ಜಾಸ್ತಿ ಇದ್ರೆ ಫ್ಯೂಸ್ ಒಂದೊಂದೇ ತೆಗೀತಾ ಹೋಗಿ, ಯಾವುದು ತೆಗೆದಾಗ ಇಳೀತದೋ ಕಳ್ಳ ಆ ಲೈನಲ್ಲೇ. ನಾನು ಕಂಡ ಹಾಗೆ ಹೆಚ್ಚಾಗಿ ಆಮೇಲೆ ಹಾಕಿಸಿದ ಸ್ಟೀರಿಯೋ ಇಲ್ಲವೇ ಸೆಂಟ್ರಲ್ ಲಾಕ್. ಸ್ಟೀರಿಯೋದ ಕೆಂಪು ವಯರನ್ನು ಕೀ ಆನ್ ಇದ್ದಾಗ ಮಾತ್ರ ಕರೆಂಟು ಬರುವ ಲೈನಿಗೆ ಹಾಕಿಸಿಬಿಡಿ.